ಲೆಕ್ಕದ ಜೊತೆಗೆ ಅದರ ಅರ್ಥವೂ ಇರಲಿ

ಪತ್ರಿಕೆಯೊಂದರಲ್ಲಿ ಇಂದು ಅಚ್ಚಾದ ಜಾಹೀರಾತು ನಾಳೆಯೂ ಅಲ್ಲಿಯೇ ಇರುತ್ತದೆ. ಹತ್ತು ವರ್ಷ ಕಳೆದ ಮೇಲೆ ಯಾರಾದರೂ ವಾಚನಾಲಯದ ಕಟ್ಟನ್ನು ಬಿಚ್ಚಿದರೆ, ಯಾವ ಅಂಗಡಿಯವರು ಏನು ಹೇಳಿದ್ದರು, ಯಾವ ಪಕ್ಷ ಯಾವ ಭರವಸೆ ಕೊಟ್ಟಿತ್ತು ಎಂಬುದು ಕಣ್ಣಿಗೆ ಬೀಳುತ್ತದೆ. ಕುಂಬಳೆಯ ಓದುಗರು ಕಂಡದ್ದನ್ನೇ ಪೆರ್ಲದ ಓದುಗರೂ ಕಾಣುತ್ತಾರೆ. ಎಷ್ಟು ಸೆಂಟಿಮೀಟರ್ ಜಾಗಕ್ಕೆ ಎಷ್ಟು ದರ ಎಂಬುದು ಗುಟ್ಟಲ್ಲ. ಎಷ್ಟು ಪ್ರತಿ ಮಾರಾಟವಾಯಿತು ಎಂಬ ಪ್ರಶ್ನೆಗೆ ಉತ್ತರ ಕೊಡಲೆಂದೇ 1948ರಲ್ಲಿ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಶನ್ಸ್ ಸ್ಥಾಪನೆಯಾಯಿತು. ಮಾರಾಟವಾದ ಪ್ರತಿ ಎಂದರೆ ಯಾವುದು ಎಂಬುದಕ್ಕೂ ಅಲ್ಲಿ ಲಿಖಿತ ನಿಯಮವಿದೆ. ಸಂಖ್ಯೆಯೊಂದನ್ನು ನಂಬಬೇಕಾದರೆ ಅದು ಹೇಗೆ ಹುಟ್ಟಿತೆಂಬುದು ಬರಹದಲ್ಲಿರಬೇಕು ಎಂಬ ವಿವೇಕ ಆ ಕಾಲದ ಹಿರಿಯರಿಗಿತ್ತು.

ಮೊಬೈಲಿನಲ್ಲಿ ಕಾಣುವ ಜಾಹೀರಾತಿನ ಸಂಗತಿ ಬೇರೆ. ಒಂದೇ ಜಗಲಿಯಲ್ಲಿ ಕುಳಿತ ತಂದೆಗೆ ಕಂಡದ್ದು ಮಗನಿಗೆ ಕಾಣುವುದಿಲ್ಲ. ಕಂಡದ್ದು ಮರುಕ್ಷಣದಲ್ಲಿ ಮಾಯವಾಗುತ್ತದೆ. ಯಾರಿಗೆ ತೋರಿತು, ಎಷ್ಟು ಬಾರಿ ತೋರಿತು, ಎಷ್ಟು ಹಣ ಖರ್ಚಾಯಿತು ಎಂಬ ದಾಖಲೆ ಇರುವುದು ಕಂಪೆನಿಯ ಕಂಪ್ಯೂಟರುಗಳಲ್ಲಿ ಮಾತ್ರ. ಗೂಗಲ್ ಸಂಸ್ಥೆ 2000ದ ಅಕ್ಟೋಬರಿನಲ್ಲಿ ಆಡ್‌ವರ್ಡ್ಸ್ ಎಂಬ ಹೆಸರಿನಿಂದ ಈ ವ್ಯವಹಾರಕ್ಕೆ ತೊಡಗಿತು. 2018ರಲ್ಲಿ ಅದರ ಹೆಸರು ಗೂಗಲ್ ಆಡ್ಸ್ ಎಂದಾಯಿತು. ಜಾಹೀರಾತುದಾರರು ತಮ್ಮ ಲೆಕ್ಕವನ್ನು ತಾವೇ ತರಿಸಿಕೊಳ್ಳಲು ಅನುಕೂಲವಾಗುವಂತೆ 2005ರಲ್ಲಿ ಕಂಪೆನಿಯು ಒಂದು ಬಾಗಿಲನ್ನು ತೆರೆಯಿತು. ಇದನ್ನು ತಂತ್ರಜ್ಞರು ಎಪಿಐ ಎಂದು ಕರೆಯುತ್ತಾರೆ. ಗೊತ್ತಾದ ಕ್ರಮದಲ್ಲಿ ಪ್ರಶ್ನೆ ಕೇಳಿದರೆ ಗೊತ್ತಾದ ಕ್ರಮದಲ್ಲಿ ಉತ್ತರ ಬರುವ ಕಿಟಿಕಿ ಎಂದು ತಿಳಿದರೆ ಸಾಕು. ಆ ಕಿಟಿಕಿಯ ಮುಂದೆ ನಮ್ಮ ಪರವಾಗಿ ದಿನವೂ ನಿಂತು, ಪ್ರಶ್ನೆ ಕೇಳಿ, ಉತ್ತರವನ್ನು ಕೋಷ್ಟಕವಾಗಿ ಜೋಡಿಸಿ ತರುವ ಚಿಕ್ಕ ತಂತ್ರಾಂಶಗಳನ್ನು ಇಂದು ಬಹಳ ಮಂದಿ ಬರೆಯುತ್ತಿದ್ದಾರೆ. ಮಂಗಳೂರು, ಕೊಚ್ಚಿ, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಕಾಸರಗೋಡಿನ ಯುವಕ ಯುವತಿಯರೂ ಈ ಕೆಲಸಕ್ಕೆ ಹೊಸಬರಲ್ಲ.

ನಾವು ಇಂದು ಮಾತಾಡಲು ಹೊರಟಿರುವುದು ಈ ತಂತ್ರಾಂಶದ ಜೊತೆಯಲ್ಲಿ ಇರಬೇಕಾದ ಕೈಪಿಡಿಯ ವಿಷಯ. ತಂತ್ರಾಂಶ ಬರೆದವರು ಅದು ಏನು ತರುತ್ತದೆ, ಏನನ್ನು ತರುವುದಿಲ್ಲ, ತಂದದ್ದನ್ನು ಹೇಗೆ ಓದಬೇಕು ಎಂಬುದನ್ನು ಬರೆದಿಡುವುದು ಅಪರೂಪ. ಬರೆದವರು ಕೆಲಸ ಬಿಟ್ಟು ಹೋಗುತ್ತಾರೆ, ತಂತ್ರಾಂಶ ಉಳಿಯುತ್ತದೆ. ವಾರವಾರವೂ ಅಂಕಿಗಳು ಬಂದು ಮೇಜಿನ ಮೇಲೆ ಬೀಳುತ್ತವೆ. ಅವುಗಳ ಅರ್ಥ ಹೇಳುವವರು ಮಾತ್ರ ಇಲ್ಲ.

ಕಂಪ್ಯೂಟರಿನವರ ಈ ವಿಷಯಕ್ಕೆ ಗಡಿನಾಡಿನ ಕನ್ನಡ ದಿನಪತ್ರಿಕೆಯ ಸಂಪಾದಕೀಯವೇಕೆ ಎಂದು ಕೆಲವರು ಕೇಳಬಹುದು. ಸಂಖ್ಯೆಯ ಬೆಲೆಯನ್ನು ಭಾಷಾ ಅಲ್ಪಸಂಖ್ಯಾತರಷ್ಟು ಚೆನ್ನಾಗಿ ಬಲ್ಲವರು ಬೇರಿಲ್ಲ ಎಂಬುದೇ ನಮ್ಮ ಉತ್ತರ. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಒದಗಿಸಬೇಕೆಂದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ನಿರ್ಣಯಿಸಿತು. ಜನಸಂಖ್ಯೆಯ ಶೇಕಡಾ 15ರಿಂದ 20ರಷ್ಟು ಅಲ್ಪಸಂಖ್ಯಾತರು ಇರುವ ಕಡೆ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂದು 1956ರಲ್ಲಿ ಕೇಂದ್ರ ಸರಕಾರ ಸೂಚಿಸಿತು. ಒಂದು ಮಗು ಕಡಿಮೆಯಾದರೆ ತರಗತಿಗೆ ಕುತ್ತು ಬರುವುದನ್ನು ನಾವು ಬಲ್ಲೆವು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡಿ, ಓದು ಬರಹವನ್ನು ಕನ್ನಡದಲ್ಲಿಯೇ ನಡೆಸುವ ಕುಟುಂಬಗಳು ಜನಗಣತಿಯ ಮಾತೃಭಾಷೆಯ ಕಾಲಮಿನಲ್ಲಿ ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಬಲ್ಲೆವು. ಆ ಕಾಲಮು ಸುಳ್ಳು ಹೇಳುತ್ತದೆ ಎಂದು ನಮ್ಮ ವಾದವಲ್ಲ. ಕೇಳಿದ್ದು ಮನೆಮಾತು, ಉತ್ತರ ಬಂದದ್ದು ಮನೆಮಾತು. ಅದನ್ನು ಕನ್ನಡ ಓದುವವರ ಸಂಖ್ಯೆ ಎಂದು ತಿಳಿದವರದೇ ತಪ್ಪು.

ಜಾಹೀರಾತಿನ ಅಂಕಿಗಳಲ್ಲಿಯೂ ಇಂಥ ತಪ್ಪಿಗೆ ಬೇಕಾದಷ್ಟು ಅವಕಾಶವಿದೆ. ಮೊದಲು ಹಣದ ಲೆಕ್ಕವನ್ನೇ ನೋಡೋಣ. ಗೂಗಲ್ ಆಡ್ಸಿನ ಎಪಿಐ ಖರ್ಚನ್ನು ರೂಪಾಯಿಗಳಲ್ಲಿ ಕೊಡುವುದಿಲ್ಲ. ರೂಪಾಯಿಯ ಹತ್ತು ಲಕ್ಷದ ಒಂದು ಭಾಗವನ್ನು ಮೈಕ್ರೋ ಎಂದು ಕರೆದು ಆ ಮಾನದಲ್ಲಿ ಕೊಡುತ್ತದೆ. ಬದಿಯಡ್ಕದ ಒಬ್ಬ ಜವುಳಿ ವ್ಯಾಪಾರಿ ಹಬ್ಬದ ತಿಂಗಳಲ್ಲಿ 2,500 ರೂಪಾಯಿ ಖರ್ಚು ಮಾಡಿದರೆಂದು ಇಟ್ಟುಕೊಳ್ಳೋಣ. ಕೋಷ್ಟಕದಲ್ಲಿ ಬರುವ ಸಂಖ್ಯೆ 2,50,00,00,000. ಇದನ್ನು ಕಂಡವರು 250 ಕೋಟಿ ರೂಪಾಯಿ ಎಂದು ಗಾಬರಿಪಟ್ಟರೆ ತೊಂದರೆಯಿಲ್ಲ, ತಪ್ಪು ಅಲ್ಲಿಯೇ ಹೊರಬೀಳುತ್ತದೆ. ಸೊನ್ನೆಗಳನ್ನು ಎಣಿಸುವಾಗ ಎಡವಿ, ಹತ್ತು ಲಕ್ಷದ ಬದಲಿಗೆ ಒಂದು ಲಕ್ಷದಿಂದ ಭಾಗಿಸಿದರೆ ಬರುವ 25,000 ರೂಪಾಯಿಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ನಂಬುವಂತಿದೆ. ಮುಡಿಯಲ್ಲಿ ಬರೆದ ಅಕ್ಕಿಯ ಲೆಕ್ಕವನ್ನು ಸೇರೆಂದು ಓದಿ ಗೇಣಿ ತೀರಿಸಹೊರಟಂತೆ. ಇದನ್ನು ತಡೆಯಲು ಕೈಪಿಡಿಯಲ್ಲಿ ಒಂದೇ ಒಂದು ಸಾಲು ಸಾಕಾಗಿತ್ತು.

ಎರಡನೆಯದು ದಿನದ ಲೆಕ್ಕ. ಇಂಥ ದಿನ ಎಂದರೆ ಜಾಹೀರಾತು ಖಾತೆಯನ್ನು ತೆರೆಯುವಾಗ ಗೊತ್ತುಮಾಡಿದ ಕಾಲವಲಯದ ದಿನ. ಖಾತೆ ಬೇರೊಂದು ದೇಶದ ಕಾಲಮಾನದಲ್ಲಿದ್ದರೆ ನಮ್ಮ ಸೋಮವಾರದ ವ್ಯಾಪಾರದ ಒಂದು ಪಾಲು ಭಾನುವಾರದ ಸಾಲಿನಲ್ಲಿ ಹೋಗಿ ಕೂತಿರುತ್ತದೆ. ಅದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಗಿರಾಕಿಯೊಬ್ಬರು 3ನೆಯ ತಾರೀಖಿನಂದು ಜಾಹೀರಾತನ್ನು ಒತ್ತಿ ನೋಡಿ, 12ನೆಯ ತಾರೀಖಿನಂದು ವಸ್ತುವನ್ನು ಕೊಂಡರೆ, ಗೂಗಲಿನ ಸಾಮಾನ್ಯ ಲೆಕ್ಕದಲ್ಲಿ ಆ ಮಾರಾಟ 3ನೆಯ ತಾರೀಖಿಗೆ ಜಮೆಯಾಗುತ್ತದೆ. ಆದ್ದರಿಂದ 5ನೆಯ ತಾರೀಖಿನಂದು ತರಿಸಿದ ಪಟ್ಟಿಯೂ 15ರಂದು ತರಿಸಿದ ಪಟ್ಟಿಯೂ ಒಂದೇ ದಿನದ ಬಗ್ಗೆ ಬೇರೆ ಬೇರೆ ಅಂಕಿ ಹೇಳುತ್ತವೆ. ಎರಡೂ ಸರಿಯೇ. ಇದು ತಿಳಿಯದ ಧಣಿಗಳು ಲೆಕ್ಕ ಬರೆಯುವ ಹುಡುಗನನ್ನು ಸಂಶಯದಿಂದ ನೋಡುತ್ತಾರೆ. ನಿಯಮವನ್ನು ಬರೆದಿಡದ ಉದಾಸೀನದಿಂದ ಒಬ್ಬ ಪ್ರಾಮಾಣಿಕನ ಅನ್ನಕ್ಕೆ ಕುತ್ತು ಬರಬಹುದು ಎಂಬುದನ್ನು ತಂತ್ರಾಂಶ ಬರೆಯುವವರು ಮರೆಯಬಾರದು.

ಮೂರನೆಯದು ಭಾಷೆ ಮತ್ತು ಸ್ಥಳದ ಲೆಕ್ಕ. ನಮ್ಮ ಓದುಗರು ಹೆಚ್ಚು ಲಕ್ಷ್ಯವಿಡಬೇಕಾದದ್ದು ಇಲ್ಲಿ. ಭಾಷೆಯನ್ನು ಆರಿಸಿ ನಡೆಸಿದ ಪ್ರಚಾರದ ದಾಖಲೆಯಲ್ಲಿ ಭಾಷೆಯ ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ ಬರುತ್ತದೆ. ಗೂಗಲಿನ ಪಟ್ಟಿಯಲ್ಲಿ ಕನ್ನಡದ ಸಂಖ್ಯೆ 1086, ಮಲಯಾಳದ್ದು 1098. ಇದನ್ನು ಬಿಡಿಸಿ ಬರೆದಿಡದಿದ್ದರೆ ಯಾವ ಸಾಲು ಯಾರದೆಂದು ಹೇಳುವಂತಿಲ್ಲ. ಬಿಡಿಸಿ ಬರೆದರೂ ಕೆಲಸ ಮುಗಿಯಲಿಲ್ಲ. ಒಬ್ಬ ವ್ಯಕ್ತಿಗೆ ಯಾವ ಭಾಷೆ ಗೊತ್ತೆಂಬುದನ್ನು ಕಂಪೆನಿ ಅವರನ್ನೇ ಕೇಳಿ ತಿಳಿಯುವುದಿಲ್ಲ. ಹುಡುಕಲು ಬಳಸಿದ ಮಾತು, ಆಯ್ದುಕೊಂಡ ಭಾಷೆ ಮೊದಲಾದ ಗುರುತುಗಳಿಂದ ಊಹಿಸುತ್ತದೆ. ಮಂಜೇಶ್ವರದ ಒಬ್ಬ ಅಧ್ಯಾಪಕರು ಕನ್ನಡ ಪತ್ರಿಕೆ ಓದುತ್ತಾರೆ, ಮನೆಯಲ್ಲಿ ತುಳು ಆಡುತ್ತಾರೆ, ಪೇಟೆಯಲ್ಲಿ ಮಲಯಾಳ ಆಡುತ್ತಾರೆ, ಮೊಬೈಲನ್ನು ಅಂಗಡಿಯವರು ಕೊಟ್ಟಂತೆ ಇಂಗ್ಲಿಷಿನಲ್ಲಿಯೇ ಇಟ್ಟುಕೊಂಡಿದ್ದಾರೆ. ಅವರನ್ನು ಯಂತ್ರ ಯಾವ ಭಾಷೆಯವರೆಂದು ಎಣಿಸೀತು?

ಇನ್ನು ಇದರ ಪರಿಣಾಮವನ್ನು ನೋಡೋಣ. ದೊಡ್ಡ ಕಂಪೆನಿಯೊಂದು ಕಾಸರಗೋಡು ಜಿಲ್ಲೆಯಲ್ಲಿ ಮಲಯಾಳದ ಜಾಹೀರಾತಿಗೆ ಹತ್ತು ಪಾಲು, ಕನ್ನಡದ ಜಾಹೀರಾತಿಗೆ ಒಂದು ಪಾಲು ಹಣ ತೆಗೆದಿಡುತ್ತದೆ ಎಂದುಕೊಳ್ಳಿ. ಹಣ ಹಾಕಿದ ಮಟ್ಟಿಗೆ ತಾನೆ ಜಾಹೀರಾತು ತೋರುವುದು. ತಿಂಗಳ ಕೊನೆಗೆ ಬಂದ ಪಟ್ಟಿಯಲ್ಲಿ ಕನ್ನಡದ ಸಂಖ್ಯೆ ಚಿಕ್ಕದಾಗಿರುತ್ತದೆ. ಅದು ಜನರ ಸಂಖ್ಯೆಯೂ ಅಲ್ಲ, ಎಷ್ಟು ಬಾರಿ ತೋರಿತೆಂಬ ಸಂಖ್ಯೆ. ಒಬ್ಬರಿಗೇ ಹತ್ತು ಬಾರಿ ತೋರಿದರೆ ಲೆಕ್ಕ ಹತ್ತು. ಕೈಪಿಡಿಯಿಲ್ಲದ ಕೋಷ್ಟಕವನ್ನು ಕೈಗೆತ್ತಿಕೊಂಡ ದೂರದ ಅಧಿಕಾರಿಗಳು ಇದನ್ನೆಲ್ಲ ಯೋಚಿಸುವರೇ? ಕಾಸರಗೋಡಿನಲ್ಲಿ ಕನ್ನಡಿಗರು ಅತ್ಯಲ್ಪ, ಮುಂದಿನ ತಿಂಗಳು ಆ ಒಂದು ಪಾಲೂ ಬೇಡ ಎಂದು ಬರೆದುಬಿಡುತ್ತಾರೆ. ಬೀದಿಯಲ್ಲಿ ಮಲಯಾಳದ ಹತ್ತು ಫಲಕ, ಕನ್ನಡದ ಒಂದು ಫಲಕ ನಿಲ್ಲಿಸಿ, ಕನ್ನಡದ ಫಲಕವನ್ನು ನೋಡಿದವರು ಕಡಿಮೆ ಎಂದು ತೀರ್ಪು ಕೊಟ್ಟಂತೆ ಇದು. ಯಾರ ದುರುದ್ದೇಶವೂ ಇಲ್ಲದೆ, ಯಾರ ಆಜ್ಞೆಯೂ ಇಲ್ಲದೆ, ಒಂದು ಭಾಷೆ ಕಡತದಿಂದ ಕಾಣೆಯಾಗುತ್ತದೆ.

ಸ್ಥಳದ ವಿಚಾರವೂ ಹೀಗೆಯೇ. ಕಾಸರಗೋಡಿಗೆಂದು ಹಾಕಿದ ಜಾಹೀರಾತು, ಬೇರೆ ಆಯ್ಕೆ ಮಾಡದಿದ್ದರೆ, ಕಾಸರಗೋಡಿನಲ್ಲಿ ಇರುವವರಿಗೂ ಕಾಸರಗೋಡಿನ ಬಗ್ಗೆ ಆಸಕ್ತಿ ತೋರಿದವರಿಗೂ ಹೋಗುತ್ತದೆ. ದುಬೈಯಲ್ಲಿ ಕೂತು ಊರಿನ ನಿವೇಶನ ಹುಡುಕುವವರೂ ಇದರಲ್ಲಿ ಸೇರಬಹುದು. ನೋಡಿದವರು ನಿಜವಾಗಿ ಎಲ್ಲಿದ್ದರು ಎಂಬುದಕ್ಕೆ ಒಂದು ಕೋಷ್ಟಕ, ಆಸಕ್ತಿಯ ಸ್ಥಳವನ್ನೂ ಸೇರಿಸಿದ್ದಕ್ಕೆ ಇನ್ನೊಂದು ಕೋಷ್ಟಕ, ಹೀಗೆ ಎರಡು ಬೇರೆ ಬೇರೆ ಇವೆ. ತನ್ನ ತಂತ್ರಾಂಶ ಇವೆರಡರಲ್ಲಿ ಯಾವುದನ್ನು ತರುತ್ತದೆ ಎಂದು ಬರೆದಿಡುವುದು ಲೇಖಕನ ಕರ್ತವ್ಯ. ಹಾಗೆಯೇ ದಿನವಾರು ಲೆಕ್ಕ ಕೇಳಿದಾಗ, ಏನೂ ನಡೆಯದ ದಿನಗಳ ಸೊನ್ನೆಯ ಸಾಲುಗಳು ಬರುವುದೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದು ಸೊನ್ನೆಯೋ, ಕೇಳದೆ ಬಿಟ್ಟದ್ದೋ, ತರುವಾಗ ಜಾರಿಹೋದದ್ದೋ ಎಂಬುದು ಕೈಪಿಡಿಯಿಂದಲೇ ತಿಳಿಯಬೇಕು.

ಇದು ವ್ಯಾಪಾರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಫೇಸ್‌ಬುಕ್ ಕಂಪೆನಿ 2018ರಲ್ಲಿ ರಾಜಕೀಯ ಜಾಹೀರಾತುಗಳ ಸಂಗ್ರಹವನ್ನು ಆರಂಭಿಸಿ, 2019ರ ಲೋಕಸಭಾ ಚುನಾವಣೆಯ ಮುಂಚೆ ಅದನ್ನು ಭಾರತಕ್ಕೂ ವಿಸ್ತರಿಸಿತು. ಇಂಥ ಜಾಹೀರಾತುಗಳನ್ನು ಏಳು ವರ್ಷ ಇಡುವುದಾಗಿ ಅದು ಹೇಳುತ್ತದೆ. ಇದು ಸ್ವಾಗತಾರ್ಹವೇ. ಆದರೆ ಅಲ್ಲಿ ಖರ್ಚು ನಿಖರವಾಗಿ ಸಿಗುವುದಿಲ್ಲ, ಇಷ್ಟರಿಂದ ಇಷ್ಟರ ವರೆಗೆ ಎಂಬ ಅಂದಾಜು ಸಿಗುತ್ತದೆ. ಕೆಳಗಿನ ಮಿತಿಗಳನ್ನು ಕೂಡಿಸಿದರೆ ಒಂದು ಮೊತ್ತ, ಮೇಲಿನವನ್ನು ಕೂಡಿಸಿದರೆ ಇನ್ನೊಂದು ಮೊತ್ತ. ರಾಜಕೀಯದ್ದೆಂದು ಗುರುತಿಸದೆ ನುಸುಳಿದ ಜಾಹೀರಾತುಗಳು ಆ ರಾಜಕೀಯ ಪಟ್ಟಿಯಲ್ಲಿ ಸಿಗುವುದಿಲ್ಲ. ಸಂಗ್ರಹವೂ ಎಡವಬಹುದು. ಬ್ರಿಟನ್ನಿನಲ್ಲಿ 2019ರ ಡಿಸೆಂಬರ್ 12ರ ಮತದಾನಕ್ಕೆ ಎರಡೇ ದಿನಗಳಿರುವಾಗ ಹತ್ತಾರು ಸಾವಿರ ಜಾಹೀರಾತುಗಳು ಈ ಸಂಗ್ರಹದಿಂದ ಕಾಣೆಯಾದವು. ಅದೇ ವರ್ಷದ ಏಪ್ರಿಲಿನಲ್ಲಿ ಮೊಜಿಲ್ಲಾ ಸಂಸ್ಥೆ ಅದರ ಎಪಿಐ ಅಸಮರ್ಪಕವೆಂದು ಬಹಿರಂಗವಾಗಿ ಹೇಳಿತ್ತು. ಜಾಹೀರಾತುಗಳನ್ನು ತಮ್ಮದೇ ಉಪಾಯದಿಂದ ಸಂಗ್ರಹಿಸಿ ಅಧ್ಯಯನ ಮಾಡುತ್ತಿದ್ದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರ ಖಾತೆಗಳನ್ನು 2021ರ ಆಗಸ್ಟಿನಲ್ಲಿ ಕಂಪೆನಿ ಮುಚ್ಚಿತು. ಯುರೋಪಿಯನ್ ಒಕ್ಕೂಟ ಈಗ ದೊಡ್ಡ ಜಾಲತಾಣಗಳು ಜಾಹೀರಾತು ಸಂಗ್ರಹವನ್ನು ಇಡಲೇಬೇಕೆಂದು ಕಾನೂನು ಮಾಡಿದೆ. 2025ರ ಡಿಸೆಂಬರಿನಲ್ಲಿ ಎಕ್ಸ್ ಕಂಪೆನಿಗೆ ವಿಧಿಸಿದ 12 ಕೋಟಿ ಯುರೋ ದಂಡದ ಕಾರಣಗಳಲ್ಲಿ ಅದರ ಜಾಹೀರಾತು ಸಂಗ್ರಹದ ಕೊರತೆಗಳೂ ಒಂದು.

2024ರ ಏಪ್ರಿಲ್ 26ರಂದು ಕಾಸರಗೋಡು ಲೋಕಸಭಾ ಕ್ಷೇತ್ರವೂ ನೆರೆಯ ದಕ್ಷಿಣ ಕನ್ನಡವೂ ಒಂದೇ ದಿನ ಮತ ನೀಡಿದವು. ಗಡಿಯ ಈಚೆಗೆ ಕನ್ನಡದಲ್ಲಿ ಒಂದು ಮಾತು, ಮಲಯಾಳದಲ್ಲಿ ಇನ್ನೊಂದು ಮಾತು ಹೇಳಿದವರು ಯಾರಾದರೂ ಇದ್ದಾರೆಯೇ ಎಂದು ನೋಡುವ ಕುತೂಹಲ ಓದುಗರಿಗೆ ಬಂದರೆ ಅದು ಸಹಜ. ಅಂಥ ಪರಿಶೀಲನೆಗೆ ಇಂಥ ತಂತ್ರಾಂಶವೇ ಸಾಧನ. ಆದರೆ ಅದು ಏನನ್ನು ಕಾಣಲಾರದು ಎಂಬುದು ಬರಹದಲ್ಲಿ ಇಲ್ಲದಿದ್ದರೆ, ಪಟ್ಟಿಯಲ್ಲಿ ಏನೂ ಸಿಗಲಿಲ್ಲ ಎಂಬುದನ್ನೇ ಏನೂ ನಡೆದಿಲ್ಲ ಎಂದು ಸಾರುವ ಪ್ರಮಾದಕ್ಕೆ ನಾವು ಗುರಿಯಾಗುತ್ತೇವೆ.

ಹಾಗಾದರೆ ಕೈಪಿಡಿಯಲ್ಲಿ ಏನಿರಬೇಕು? ನಾಲ್ಕು ಪುಟ ಸಾಕು. ತಂತ್ರಾಂಶ ಯಾವ ಕಂಪೆನಿಯ ಯಾವ ಲೆಕ್ಕವನ್ನು, ಎಪಿಐಯ ಯಾವ ಆವೃತ್ತಿಯಿಂದ ತರುತ್ತದೆ, ಕೋಷ್ಟಕದ ಪ್ರತಿಯೊಂದು ಕಾಲಮಿನ ಅರ್ಥ ಮತ್ತು ಮಾನ ಯಾವುದು, ದಿನ, ಭಾಷೆ, ಸ್ಥಳ ಎಂದರೆ ಇಲ್ಲಿ ಏನು, ಯಾವುದು ಅದರ ಕಣ್ಣಿಗೆ ಬೀಳುವುದಿಲ್ಲ, ಇವಿಷ್ಟು ಮೊದಲು. ಅನಂತರ ಒಂದು ಚಿಕ್ಕ ಮಾದರಿ ಲೆಕ್ಕ, ಕೈಯಿಂದ ಕೂಡಿಸಿ ತಾಳೆ ನೋಡುವಂಥದ್ದು. ಕಂಪೆನಿಗಳು ಹಳೆಯ ಆವೃತ್ತಿಗಳನ್ನು ನಿಲ್ಲಿಸುತ್ತ ಹೋಗುತ್ತವೆ. 2005ರ ಆ ಮೊದಲ ಬಾಗಿಲನ್ನೇ ಗೂಗಲ್ 2022ರ ಏಪ್ರಿಲ್ 27ರಂದು ಮುಚ್ಚಿಬಿಟ್ಟಿತು. ಆದ್ದರಿಂದ ಕೈಪಿಡಿಯನ್ನು ಯಾವ ತಾರೀಖಿನಂದು ಬರೆದದ್ದು, ಯಾವಾಗ ತಿದ್ದಿದ್ದು ಎಂಬುದೂ ಇರಬೇಕು. ಖಾತೆಯ ಗುಪ್ತ ಸಂಕೇತಗಳನ್ನು ಮಾತ್ರ ಅದರಲ್ಲಿ ಬರೆಯಬಾರದು. ಅವು ತಿಜೋರಿಯ ಬೀಗದ ಕೈಗಳಿದ್ದಂತೆ.

ಕೊನೆಯದಾಗಿ ಕೈಪಿಡಿಯ ಭಾಷೆ. ತಂತ್ರಾಂಶ ಬರೆಯುವವರಿಗೆಲ್ಲ ಇಂಗ್ಲಿಷ್ ಬರುತ್ತದೆ, ಕನ್ನಡದ ಹಂಗೇಕೆ ಎಂಬ ಮಾತು ಬಂದೇ ಬರುತ್ತದೆ. ಬರೆಯುವವರಿಗೆ ಬರುತ್ತದೆ, ಒಪ್ಪೋಣ. ಆದರೆ ಹಣ ಹಾಕುವ ಅಂಗಡಿಯ ಯಜಮಾನರಿಗೆ, ಸಹಕಾರಿ ಸಂಘದ ನಿರ್ದೇಶಕರಿಗೆ, ಜಾತ್ರೆಯ ಪ್ರಚಾರದ ಖರ್ಚನ್ನು ಮಹಾಸಭೆಯಲ್ಲಿ ಒಪ್ಪಿಸಬೇಕಾದ ಕಾರ್ಯದರ್ಶಿಗಳಿಗೆ ಅದು ಅರ್ಥವಾಗಬೇಡವೇ? 1956ರ ವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಹಿರಿಯರ ಭೂಮಿಯ ಹಳೆಯ ಕಾಗದಪತ್ರಗಳು ಕನ್ನಡದಲ್ಲಿವೆ. ಇಂದು ಅವನ್ನು ಓದಬಲ್ಲವರು ಕಚೇರಿಯಲ್ಲಿ ಇಲ್ಲದಿದ್ದರೆ ದಾಖಲೆ ಕೈಯಲ್ಲಿದ್ದೂ ಇಲ್ಲದಂತಾಗುವ ಕಷ್ಟವನ್ನು ಉಂಡವರು ನಮ್ಮಲ್ಲಿ ಎಷ್ಟೋ ಮಂದಿ. ಓದಲಾಗದ ದಾಖಲೆ ಯಜಮಾನನ ಕೈತಪ್ಪಿ, ಓದಬಲ್ಲ ಮಧ್ಯಸ್ಥನ ಸೊತ್ತಾಗುತ್ತದೆ. ಅರ್ಜಿಯ ನಮೂನೆ ಕನ್ನಡದಲ್ಲಿರಲಿ, ಪ್ರಕಟಣೆ ಕನ್ನಡದಲ್ಲಿ ಬರಲಿ ಎಂದು ನಾವು ದಶಕಗಳಿಂದ ಸರಕಾರವನ್ನು ಕೇಳುತ್ತಿದ್ದೇವೆ. ಕೇಳುವುದು ನಮ್ಮ ಹಕ್ಕು. ಅದೇ ಸೌಕರ್ಯವನ್ನು ನಮ್ಮ ಮಕ್ಕಳು ತಮ್ಮ ಕೈಯಾರೆ ಮಾಡಿದ ವಸ್ತುವಿನಲ್ಲಿ ನಮ್ಮವರಿಗೆ ಒದಗಿಸುತ್ತಿದ್ದಾರೆಯೇ ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ.

ಈ ವಿಷಯದಲ್ಲಿ ನಮ್ಮ ಸ್ವಾರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಅಂತರ್ಜಾಲಕ್ಕೆ ಹೋದ ಜಾಹೀರಾತಿನ ಹಣ ನಮ್ಮಂಥ ಚಿಕ್ಕ ಪತ್ರಿಕೆಗಳ ಪಾಲಿಗೆ ನಷ್ಟವೇ. ಗಡಿನಾಡಿನಲ್ಲಿ ಕನ್ನಡದ ಜಾಹೀರಾತು ವ್ಯರ್ಥ ಎಂದು ತಪ್ಪು ಲೆಕ್ಕದ ಮೇಲೆ ಯಾರಾದರೂ ನಿರ್ಧರಿಸಿದರೆ ಅದರ ಪೆಟ್ಟು ಮೊದಲು ಬೀಳುವುದೂ ನಮ್ಮ ಮೇಲೆಯೇ. ಹೋಗುವ ಹಣವನ್ನು ತಡೆಯುವ ಶಕ್ತಿಯಾಗಲಿ ಇಚ್ಛೆಯಾಗಲಿ ನಮಗಿಲ್ಲ. ಸರಿಯಾದ ಲೆಕ್ಕದ ಮೇಲೆ ನಮ್ಮ ಸಂಖ್ಯೆ ಚಿಕ್ಕದೆಂದು ತೋರಿದರೆ ಅದನ್ನು ಒಪ್ಪುವ ಧೈರ್ಯ ನಮಗಿದೆ. ಅರ್ಥ ಬರೆಯದ ಲೆಕ್ಕದ ಮೇಲೆ ನಮ್ಮನ್ನು ಅಳೆಯುವುದನ್ನು ಮಾತ್ರ ಒಪ್ಪಲಾರೆವು.

2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಡಿಜಿಟಲ್ ಜಾಹೀರಾತು ನೀತಿಯನ್ನು ಪ್ರಕಟಿಸಿದ ಬಳಿಕ ಸಾರ್ವಜನಿಕರ ಹಣಕ್ಕೂ ಈ ದಾರಿ ತೆರೆದಿದೆ. ಯಾವ ಭಾಷೆಗೆ ಎಷ್ಟು ಖರ್ಚಾಯಿತು, ಆ ಲೆಕ್ಕವನ್ನು ಹೇಗೆ ತೆಗೆದರು ಎಂಬ ವಿವರಣೆಯನ್ನು ಸರಕಾರಿ ಇಲಾಖೆಗಳು ಅಂಕಿಗಳ ಜೊತೆಯಲ್ಲಿಯೇ ಪ್ರಕಟಿಸಬೇಕು. ನಮ್ಮ ವ್ಯಾಪಾರಿ ಬಾಂಧವರು ಇಂಥ ತಂತ್ರಾಂಶಕ್ಕೆ ಹಣ ಕೊಡುವ ಮುನ್ನ ಕನ್ನಡದ ಕೈಪಿಡಿ ಎಲ್ಲಿದೆ ಎಂದು ಕೇಳಲಿ. ಕಾಸರಗೋಡಿನ ಕಾಲೇಜುಗಳಲ್ಲಿ ಕನ್ನಡ ಕಲಿಯುವವರೂ ಕಂಪ್ಯೂಟರ್ ಕಲಿಯುವವರೂ ಒಟ್ಟಾಗಿ ಕುಳಿತರೆ ಒಂದು ರಜೆಯಲ್ಲಿ ಒಳ್ಳೆಯ ಮಾದರಿಯೊಂದು ಸಿದ್ಧವಾದೀತು. ಊರು ಬಿಟ್ಟು ದೂರದಲ್ಲಿ ದುಡಿಯುತ್ತಿರುವ ನಮ್ಮ ಯುವಕ ಯುವತಿಯರು ಮುಂದಿನ ಬಾರಿ ಊರಿಗೆ ಬಂದಾಗ, ತಾವು ಬರೆದದ್ದು ಏನು ಮಾಡುತ್ತದೆಂದು ತಂದೆ ತಾಯಿಗೆ ಕನ್ನಡದಲ್ಲಿ ಹೇಳಿ ನೋಡಲಿ. ಅವರಿಗೆ ಅರ್ಥವಾದ ಮಾತುಗಳನ್ನೇ ಕಾಗದಕ್ಕೆ ಇಳಿಸಿದರೆ ಕೈಪಿಡಿಯ ಮೊದಲ ಪುಟ ಸಿದ್ಧವಾದಂತೆಯೇ ಸರಿ.